ಬಲಗಡೆ ಗಾಲಿ ಬಾಕಿ ಇತ್ತು

ಕಾರಿನ ಕೆಳಗೆ ಮಲಗಿದವರ ಮುಖ ಯಾರಿಗೂ ಕಾಣುವುದಿಲ್ಲ, ಕಾಲು ಮಾತ್ರ ಕಾಣುತ್ತದೆ. ಈ ಒಂದು ಅನುಕೂಲವನ್ನೇ ನಂಬಿಕೊಂಡು ನಾನು ಆ ವರ್ಷ ನಮ್ಮ ಅಂಬಾಸಿಡರಿನ ಸರ್ವಿಸಿಗೆ ಇಳಿದಿದ್ದೆ. ನಮ್ಮ ಮನೆಯವರ ಹಳೆಯ ಖಾಕಿ ಪ್ಯಾಂಟು ಹಾಕಿಕೊಂಡು, ಅದು ಜಾರದಂತೆ ಸೊಂಟಕ್ಕೆ ಲಾಡಿ ಬಿಗಿದು, ಮೇಲೆ ಅವರದೇ ಒಂದು ಅಂಗಿ ತೊಟ್ಟುಕೊಳ್ಳುತ್ತಿದ್ದೆ. ಬೀದಿಯ ಕಡೆಗೆ ಅಡ್ಡಲಾಗಿ ಜಮಖಾನ ಇಳಿಬಿಟ್ಟಿರುತ್ತಿತ್ತು. ಬಾಗಿಲಲ್ಲಿ ನಮ್ಮ ಅತ್ತೆ ಅಕ್ಕಿ ಆರಿಸುವ ನೆಪದಲ್ಲಿ ಕಾವಲು ಕೂರುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ನೀರು ಕುಡಿಯಲು ಒಳಗೆ ಹೋದದ್ದೇ ತಡ, ಬಾಡಿಗೆ ಗೊತ್ತು ಮಾಡಲು ಬಂದ ಗಿರಾಕಿಯೊಬ್ಬ ಜಮಖಾನ ಸರಿಸಿಕೊಂಡು ಒಳಗೆ ಬಂದು ನನ್ನ ಕಾಲ ಬಳಿಯೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಅಣ್ಣಾ, ಬರೋ ಸೋಮವಾರ ಹಡಗಲಿ ಕಡೆ ಹೋಗಬೇಕಾಗಿತ್ತು, ಹೆಣ್ಣು ನೋಡಾಕ. ಗಾಡಿ ಖಾಲಿ ಐತೇನು?"

ನನಗೆ ಕಾಲುಂಗುರ ನೆನಪಾಯಿತು. ಬೆರಳುಗಳನ್ನು ಮಡಚಿ, ಗಂಟಲು ದಪ್ಪ ಮಾಡಿ "ಹ್ಞೂಂ" ಅಂದೆ.

"ಗಂಟಲು ಕಟ್ಟೈತೇನಣ್ಣ? ಬಿಸಿನೀರು ಕುಡಿ."

"ಹ್ಞೂಂ."

ಅವನು ಹುಡುಗಿಯ ಮನೆತನ, ಅವಳ ಬಣ್ಣ, ಓದು ಎಲ್ಲವನ್ನೂ ನನ್ನ ಪಾದಗಳಿಗೆ ವಿವರಿಸಿ ಹೋದ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ನನಗೆ ನಗು ಬರಲಿಲ್ಲ. ಮುಂದಿನ ಸಲದಿಂದ ಪ್ಯಾಂಟಿನ ಜೊತೆ ಅವರ ಕಾಲುಚೀಲವನ್ನೂ ಹಾಕಿಕೊಳ್ಳತೊಡಗಿದೆ.

ನಮ್ಮ ಮನೆಯವರು ಕೂಡ್ಲಿಗಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಕಾರು ನಮ್ಮದೇ. ಅದರ ಚಾಕರಿಯನ್ನೆಲ್ಲ ಮೊದಲಿನಿಂದಲೂ ಅವರೇ ಮಾಡಿಕೊಂಡು ಬಂದಿದ್ದರು. ಆ ವರ್ಷ ಸ್ಟೆಪ್ನಿ ಎತ್ತುವಾಗ ಸೊಂಟ ಹಿಡಿಯಿತು. ಬೆನ್ನಿಗೆ ಹಲಗೆ ಕೊಟ್ಟುಕೊಂಡು ಕೂತರೆ ಓಡಿಸಬಹುದು, ಬಗ್ಗುವುದು ಮಲಗಿ ಏಳುವುದು ಕೂಡದು ಎಂದು ಡಾಕ್ಟರು ಹೇಳಿಬಿಟ್ಟರು. ಗ್ಯಾರೇಜಿಗೆ ಬಿಟ್ಟರೆ ಗಾಡಿ ವಾರಗಟ್ಟಲೆ ಅಲ್ಲೇ ಠಿಕಾಣಿ ಹೂಡುತ್ತಿತ್ತು. ಇವತ್ತು ನಾಳೆ ಅನ್ನುವುದರಲ್ಲಿ ಗೊತ್ತಾದ ಗಿರಾಕಿಗಳು ಬೇರೆ ಗಾಡಿ ಹತ್ತುತ್ತಿದ್ದರು. ಹಾಗಾಗಿ ಒಂದು ಬೆಳಗ್ಗೆ ಅವರು ಸ್ಟೂಲಿನ ಮೇಲೆ ಕೂತು, "ಲೇ, ಸ್ವಲ್ಪ ಕೆಳಗ ನುಸುಳಿ ಆ ನಟ್ಟು ಬಿಚ್ಚು ನೋಡೋಣ" ಅಂದರು. ಆ ನಟ್ಟಿನಿಂದ ಶುರುವಾಯಿತು.

ಎಂಜಿನ್ ಬೆಚ್ಚಗಿರುವಾಗಲೇ ಆಯಿಲ್ ಇಳಿಸಬೇಕು, ತಣ್ಣಗಾದರೆ ಹೊಲಸು ತಳದಲ್ಲೇ ಕೂರುತ್ತದೆ ಎಂದು ಅವರು ಹೇಳಿಕೊಟ್ಟರು. ಬಾಣಲೆ ಇಡುವ ಮೊದಲೇ ನಟ್ಟು ಪೂರ್ತಿ ಬಿಚ್ಚಬಾರದು ಎಂಬುದನ್ನು ನಾನೇ ಕಲಿತೆ, ತಲೆಗೆ ಎಣ್ಣೆ ಸ್ನಾನವಾದ ಮೇಲೆ. ಗ್ರೀಸ್ ಗನ್ ಹಿಡಿದು ಒಂದೊಂದೇ ನಿಪ್ಪಲ್ಲಿಗೆ ಹೊಸ ಗ್ರೀಸು ಹೊಡೆದು, ಹಳೆಯ ಕರಿ ಗ್ರೀಸು ಹೊರಗೆ ಬರುವವರೆಗೂ ಬಿಡಬಾರದು. ಪ್ಲಗ್ಗುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಾಯಿಯ ಸಂದು ನೋಡಿ ಕೂರಿಸಬೇಕು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪವೇ ಬಗ್ಗಬೇಕು. ಬರಬರುತ್ತ ಅವರು ಬಾಯಿ ತೆರೆಯುವ ಮೊದಲೇ ನಟ್ಟು ಬಿಚ್ಚುವ ಪಾನಾ ನನ್ನ ಕೈಯಲ್ಲಿರುತ್ತಿತ್ತು. ಅದು ಅವರಿಗೆ ಸಂತೋಷವೋ ಸಂಕಟವೋ ನನಗೆ ತಿಳಿಯಲಿಲ್ಲ.

ಅತ್ತೆ ಹಾಕಿದ್ದು ಎರಡು ಕಟ್ಟಳೆ. ಮೊದಲನೆಯದು, ಯಾರಿಗೂ ಗೊತ್ತಾಗಬಾರದು. "ಹೆಂಡ್ತಿ ಗಾಡಿ ತೆಳಗ ಮಲಗತಾಳಂತ ಊರಾಗ ಗೊತ್ತಾದ್ರ ನನ್ನ ಮಗ ತಲಿ ಎತ್ತಿ ಹೆಂಗ ತಿರುಗ್ಯಾನು?" ಇದಕ್ಕೆ ನಾನು ಮನಸಾರೆ ಒಪ್ಪಿದ್ದೆ. ಅವರ ಮರ್ಯಾದೆಗಿಂತ ನನ್ನ ನಾಚಿಕೆಯೇ ದೊಡ್ಡದಿತ್ತು. ಮಾಡುವ ಕೆಲಸದಲ್ಲಿ ತಪ್ಪೇನಿಲ್ಲ ಎಂದು ತಲೆಗೆ ಗೊತ್ತಿದ್ದರೂ, ಬೀದಿಯಲ್ಲಿ ಹೆಜ್ಜೆ ಸಪ್ಪಳವಾದರೆ ಎದೆ ಧಸಕ್ಕೆನ್ನುತ್ತಿತ್ತು.

ಎರಡನೆಯದು ಹೇಳದೆಯೂ ಗೊತ್ತಿದ್ದ ಕಟ್ಟಳೆ. ನಮ್ಮ ಮನೆಯಲ್ಲಿ ಗಾಡಿ ದೇವರಿದ್ದ ಹಾಗೆ. ಆಯುಧಪೂಜೆಯಲ್ಲಿ ಕಟ್ಟಿದ ನಿಂಬೆಹಣ್ಣು ಒಣಗಿ ಕಪ್ಪಾದರೂ ಮುಂದಿನ ಬಂಪರಿನಲ್ಲಿ ತೂಗುತ್ತಿರಬೇಕು, ದಿನಾ ಬೆಳಗ್ಗೆ ಊದುಬತ್ತಿ ಬೆಳಗಬೇಕು. ತಿಂಗಳಿಗೊಮ್ಮೆ ಹೊರಗಾದಾಗ ನಾನು ಹಿತ್ತಲ ಚಪ್ಪರದಲ್ಲಿ ಕೂರಬೇಕು. ಅಡುಗೆಮನೆ, ದೇವರ ಗೂಡು, ಗಾಡಿ ಮೂರಕ್ಕೂ ಕೈ ಸೋಕಿಸುವಂತಿಲ್ಲ. ಊಟವನ್ನು ಅತ್ತೆ ದೂರದಿಂದ ಇಟ್ಟು ಸರಿಯುತ್ತಿದ್ದರು. ತವರಿನಲ್ಲೂ ಇದೇ ಪದ್ಧತಿ ನೋಡಿ ಬೆಳೆದವಳಾದ್ದರಿಂದ ನಾನು ತಕರಾರು ಮಾಡಿದವಳಲ್ಲ. ಸರ್ವಿಸಿನ ಕೆಲಸವನ್ನು ಆ ದಿನಗಳು ತಪ್ಪಿಸಿಯೇ ಇಟ್ಟುಕೊಳ್ಳುತ್ತಿದ್ದೆ.

ಬೇಸಿಗೆ ಹತ್ತಿರ ಬರುವ ಹೊತ್ತಿಗೆ ಮುಂದಿನ ಬ್ರೇಕುಗಳು ಕಿರ್‍ರೆನ್ನತೊಡಗಿದವು. ಬ್ರೇಕ್ ಶೂಗಳ ಮೇಲಿನ ಲೈನರು ಸವೆದು ರಿವಿಟ್ಟು ಗಾಲಿಯ ಡ್ರಮ್ಮಿಗೆ ತಾಗುತ್ತಿದೆ ಅಂದರು ನಮ್ಮವರು. ಹೊಸಪೇಟೆಗೆ ಹೋಗಿ ಎರಡೂ ಗಾಲಿಗೆ ಹೊಸ ಲೈನರು ಹೊಡೆಸಿದ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂಗಳನ್ನೂ ವ್ಹೀಲ್ ಸಿಲಿಂಡರಿನ ರಬ್ಬರುಗಳನ್ನೂ ಬ್ರೇಕ್ ಆಯಿಲನ್ನೂ ತಂದರು. ಭಾನುವಾರ ಪೋಲಿಯೊ ಹನಿ ಹಾಕುವ ದಿನ. ಆಸ್ಪತ್ರೆಯಿಂದ ಸಿಸ್ಟರುಗಳನ್ನೂ ಲಸಿಕೆಯ ಐಸ್ ಪೆಟ್ಟಿಗೆಗಳನ್ನೂ ಗುಡೇಕೋಟೆ ಕಡೆಯ ಹಳ್ಳಿಗಳಿಗೆ ಒಯ್ಯಲು ನಮ್ಮ ಗಾಡಿ ಗೊತ್ತಾಗಿತ್ತು. ಅಲ್ಲಿ ಗುಡ್ಡದ ಇಳಿಜಾರು, ತಿರುವು, ರಸ್ತೆಗೆ ಅಡ್ಡ ಬರುವ ಕುರಿ ಹಿಂಡು. ಆದ್ದರಿಂದ ಶನಿವಾರವೇ ಬ್ರೇಕ್ ಕೆಲಸ ಮುಗಿಯಬೇಕಾಗಿತ್ತು.

ಶನಿವಾರ ಊಟವಾದ ಮೇಲೆ, ಯಾವ ಗಾಡಿ ಯಾವ ದಾರಿಗೆ ಎಂದು ತಿಳಿಸುವ ಮೀಟಿಂಗಿಗೆ ನಮ್ಮವರು ಆಸ್ಪತ್ರೆಗೆ ಹೋದರು. "ಎಡಗಡೆ ಮಾಡು. ಬಲಗಡೆ ಬಿಚ್ಚಿ ಇಟ್ಟಿರು, ನಾ ಬಂದ ಮ್ಯಾಲೆ ಕೂಡಿ ಆಯಿಲ್ ಬಿಡೋಣ" ಅಂದು ಹೋದರು.

ಎಡಗಡೆ ಸರಾಗವಾಯಿತು ಎಂದೇನೂ ಇಲ್ಲ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ನಟ್ಟು ಸಡಿಲಿಸಿ, ಜಾಕಿ ಎತ್ತಿ, ಗಾಲಿ ತೆಗೆದೆ. ಡ್ರಮ್ಮು ಜಪ್ಪಯ್ಯ ಅಂದರೂ ಬರಲಿಲ್ಲ. ಸುತ್ತ ಸೀಮೆಎಣ್ಣೆ ಬಿಟ್ಟು, ಹುಣಸೆ ಕಟ್ಟಿಗೆಯಿಂದ ಅತ್ತ ಇತ್ತ ತಟ್ಟುತ್ತ ಹೋದ ಮೇಲೆ ಸಡಿಲವಾಯಿತು. ಒಳಗಿನ ಪುಡಿಯನ್ನು ಊದಬಾರದೆಂದು ಒದ್ದೆ ಬಟ್ಟೆಯಿಂದ ಒರೆಸಿದೆ. ಶೂ ಎಳೆದು ಹಿಡಿಯುವ ಸ್ಪ್ರಿಂಗು ಸ್ಕ್ರೂಡ್ರೈವರಿನಿಂದ ಜಾರಿ ಬೆರಳಿಗೆ ಬಾರಿಸಿತು. ಮೇಲಿನದನ್ನು ಕೂರಿಸಿದರೆ ಕೆಳಗಿನದು ಕಳಚಿಕೊಳ್ಳುತ್ತಿತ್ತು. ಅಂತೂ ಹೊಸ ಶೂ ಕೂತಿತು. ಡ್ರಮ್ಮು ಹಾಕಿ, ಗಾಲಿ ತಿರುಗದಷ್ಟು ಅಡ್ಜಸ್ಟರು ಬಿಗಿದು, ಮತ್ತೆ ಗಾಲಿ ಹಗುರವಾಗಿ ತಿರುಗುವಷ್ಟು ಸಡಿಲ ಬಿಟ್ಟೆ.

ಬಲಗಡೆಯ ಡ್ರಮ್ಮು ಸುಲಭಕ್ಕೆ ಬಂತು. ಆದರೆ ಒಳಗೆ ಹಳೆಯ ಶೂ ಒದ್ದೆಯಾಗಿತ್ತು. ವ್ಹೀಲ್ ಸಿಲಿಂಡರಿನ ರಬ್ಬರು ಹೋಗಿ, ಬ್ರೇಕ್ ಆಯಿಲು ಜಿನುಗಿ ಲೈನರಿಗೆ ಇಳಿದಿತ್ತು. ಎಣ್ಣೆ ಕುಡಿದ ಲೈನರು ಡ್ರಮ್ಮನ್ನು ಹಿಡಿಯುವುದಿಲ್ಲ, ಜಾರುತ್ತದೆ. ಎಡಗಡೆ ಹೊಸದು ಹಿಡಿದು ಬಲಗಡೆ ಹಿಡಿಯದೆ ಹೋದರೆ, ಬ್ರೇಕ್ ಒತ್ತಿದೊಡನೆ ಗಾಡಿ ಎಡಕ್ಕೆ ತಿರುಗಿ ಎಳೆಯುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹೊಸ ಶೂಗಳಿಗೆ ಜಿಡ್ಡು ತಾಗದಿರಲೆಂದು ಬಟ್ಟೆ ಸುತ್ತಿ ಡಿಕ್ಕಿಯಲ್ಲಿಟ್ಟೆ. ಹಿಂಬದಿಯ ಪೈಪು ಬಿಚ್ಚಲೆಂದು ಗೋಣಿಚೀಲ ಹಾಸಿಕೊಂಡು ಕೆಳಗೆ ಜಾರಿದೆ.

ಆಗಲೇ ನನಗೆ ಗೊತ್ತಾದದ್ದು. ದಿನ ಇನ್ನೂ ಬಂದಿರಲಿಲ್ಲ. ಆದರೂ ಆಗಿಬಿಟ್ಟಿತ್ತು. ಹೊರಗೆ ಜಾರಿ ನೋಡಿದರೆ ಖಾಕಿ ಪ್ಯಾಂಟಿಗೆ ಕಲೆ, ಗೋಣಿಚೀಲಕ್ಕೂ ಕಲೆ. ಗಂಡನ ಪ್ಯಾಂಟು, ಅದೂ ಅವರು ಒಂದು ಕಾಲಕ್ಕೆ ಸ್ಟೀರಿಂಗ್ ಮುಂದೆ ಕೂರುತ್ತಿದ್ದ ಪ್ಯಾಂಟು. ಮೇಲೆ ನಿಂಬೆಹಣ್ಣು ತೂಗುತ್ತಿದೆ. ಭೂಮಿ ಬಾಯಿ ತೆರೆದರೆ ಒಳಗೆ ಹೋಗುವೆ ಅನ್ನುತ್ತಾರಲ್ಲ, ಅದು ಬರಿಯ ಮಾತಲ್ಲ. ಚೀಲ ಸುತ್ತಿ ಬಗಲಿಗಿಟ್ಟುಕೊಂಡು, ಪಾನಾಗಳನ್ನು ಅಲ್ಲೇ ಬಿಟ್ಟು, ಗೋಡೆ ಸವರಿಕೊಂಡೇ ಹಿತ್ತಲಿಗೆ ಓಡಿದೆ. ಚೀಲವನ್ನು ಕಟ್ಟಿಗೆ ರಾಶಿಯ ಹಿಂದೆ ತುರುಕಿದೆ. ಅಲ್ಲಿಂದಲೇ "ಅತ್ತೀ, ನಾನು ಹೊರಗಾದೆ" ಎಂದು ಕೂಗಿದೆ. ಚೀಲದ ಸುದ್ದಿ ಎತ್ತಲಿಲ್ಲ.

ಸಂತೆಗೆ ಬಂದಿದ್ದ ನನ್ನ ಮೈದುನ ಅದೇ ಹೊತ್ತಿಗೆ ಮನೆಗೆ ಬಂದ. ಟ್ರ್ಯಾಕ್ಟರು ಓಡಿಸುವವನು. ಗಾಲಿ ಬಿಚ್ಚಿ ಹಾಕಿ ಗೊತ್ತೇ ಹೊರತು ಒಳಗಿನ ಕೆಲಸ ಗೊತ್ತಿಲ್ಲ. ಅತ್ತೆ ಅವನಿಗೆ ಹೇಳುವುದು ಚಪ್ಪರಕ್ಕೆ ಕೇಳಿಸಿತು.

"ನಿಮ್ಮ ಅತ್ತಿಗಿ ಹೊರಗಾಗ್ಯಾಳಪ್ಪ. ಗಾಲಿ ಬಿಚ್ಚಿದ್ದು ಹಂಗಾ ಐತಿ. ಅಣ್ಣ ಬಗ್ಗಂಗಿಲ್ಲ. ಹಾಕಿಬಿಡು."

ಡ್ರಮ್ಮು ಕೂತ ಸದ್ದು, ನಟ್ಟುಗಳ ಸದ್ದು, ಕೊನೆಗೆ ಜಾಕಿ ಇಳಿದ ಸದ್ದು ಎಲ್ಲ ಕೇಳುತ್ತ ಕೂತಿದ್ದೆ. ಒಂದು ಕೂಗು ಹಾಕಿದ್ದರೆ ಆಗಿಹೋಗುತ್ತಿತ್ತು. ಮೈದುನನಿಗೆ ಆ ಸ್ಥಿತಿಯಲ್ಲಿ ಹೇಗೆ ಕೂಗಲಿ? ಕೂಗಿದರೆ ಅವನು ಬಾಗಿಲವರೆಗೆ ಬಂದು ಏನು, ಎತ್ತ ಎಂದು ಕೇಳುತ್ತಾನೆ. ಯಾಕೆ ನಡುವೆ ಬಿಟ್ಟಿರಿ, ಚೀಲ ಎಲ್ಲಿ, ಮೊಣಕಾಲಿಗೆ ಹಾಸಲು ಬೇಕು ಅನ್ನುತ್ತಾನೆ. ಕತ್ತಲಾಗುವ ಹೊತ್ತಿಗೆ ಅತ್ತೆ ಊಟ ಇಡಲು ಬಂದಾಗ ಹೇಳಿದೆ.

"ಅತ್ತೀ, ಬಲಗಡಿ ಗಾಲಿ ಬಾಕಿ ಇತ್ತು."

"ನಿನ್ನ ಮೈದುನ ಹಾಕಿ ಹೋಗ್ಯಾನ ಬಿಡವಾ. ಉಣ್ಣು."

ಹಾಕಿದ್ದು ಗಾಲಿ ಅತ್ತೆ, ಶೂ ಅಲ್ಲ ಎಂದು ಮುಂದಿನ ಮಾತು ಆಡಬೇಕಿತ್ತು. ಅವರು ನನ್ನ ಮುಖ ನೋಡದೆ ಅವಸರದಲ್ಲಿ ತಿರುಗಿದರು. ಅವರಿಗೇನಾದರೂ ಕಾಣಿಸಿತೇ ಎಂಬ ಭಯಕ್ಕೆ ನಾನೂ ಬಾಯಿ ಮುಚ್ಚಿದೆ. ನಮ್ಮವರು ಬಂದಾಗ ಆಸ್ಪತ್ರೆಯ ಜವಾನನೂ ಜೊತೆಗಿದ್ದ. ಪೋಲಿಯೊ ಚೀಟಿಯನ್ನು ಗಾಜಿಗೆ ಅಂಟಿಸಲು ಬಂದಿದ್ದ. "ಗಾಡಿ ರೆಡಿ ಏನು?" ಎಂದು ಅವರು ಕೇಳಿದ್ದೂ, "ನಿನ್ನ ತಮ್ಮ ಹಾಕಿ ಹೋದ" ಎಂದು ಅತ್ತೆ ಅಂದದ್ದೂ, ಪೆಡಲ್ ಒತ್ತಿ ನೋಡಿ "ಹಂಗಾರ ಆಯಿಲ್ ಕೆಲಸಾನೂ ಮುಗದೈತಿ" ಎಂದು ಅವರು ಅಂದುಕೊಂಡದ್ದೂ ಕೇಳಿಸಿತು. ಬೆಳಗ್ಗೆ ಅವರು ಒಬ್ಬರೇ ಸಿಕ್ಕಾಗ ಹೇಳಿದರಾಯಿತು ಅಂದುಕೊಂಡೆ. ನನಗೆ ನಾನೇ ಹೇಳಿಕೊಂಡ ಸುಳ್ಳುಗಳಲ್ಲಿ ಅಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಬೆಳಗ್ಗೆ ಅವರು ಒಬ್ಬರೇ ಸಿಗಲಿಲ್ಲ. ಸ್ನಾನ ಮಾಡಿ ಗಾಡಿ ಪೂಜೆಗೆ ನಿಂತ ಗಂಡಸು ಹಿತ್ತಲ ಕಡೆ ಸುಳಿಯುವುದಿಲ್ಲ. ಗೋಡೆಯ ಮರೆಯಲ್ಲಿ ನಿಂತು ನಾನು ಕಾದೆ. ಊದುಬತ್ತಿ ವಾಸನೆ ಬಂತು. ಸಿಸ್ಟರುಗಳ ಮಾತು ಕೇಳಿಸಿತು. ಪೆಟ್ಟಿಗೆಗಳನ್ನು ಡಿಕ್ಕಿಗೆ ಇಡುತ್ತಿದ್ದ ಜವಾನ, "ಇಲ್ಲೇನೋ ಬಟ್ಟಿ ಗಂಟು ಐತ್ರೀ" ಅಂದ. "ಏನಾರ ಸಾಮಾನಿರಬೇಕು, ಮೂಲಿಗೆ ಸರಿಸು" ಅಂದರು ನಮ್ಮವರು. ಆ ಗಂಟು ನಾನು ಸುತ್ತಿಟ್ಟ ಹೊಸ ಶೂಗಳು. ಎಂಜಿನ್ ಚಾಲೂ ಆಯಿತು.

ಗೇರು ಬಿದ್ದ ಸದ್ದು ಕೇಳಿದೊಡನೆ ನನ್ನ ಕಾಲು ತಾನಾಗಿ ಹೊರಟಿತು. ಹಿತ್ತಲಿಂದ ಮನೆಯ ಪಕ್ಕದ ಸಂದಿಯಲ್ಲಿ ಓಡಿ ಬೀದಿಗೆ ಬಂದೆ. ಗಾಡಿ ಗೇಟು ದಾಟಿ ತಿರುಗುತ್ತಿತ್ತು. ಎರಡೂ ಕೈಯನ್ನು ಬಾನೆಟ್ಟಿನ ಮೇಲೆ ಇಟ್ಟುಬಿಟ್ಟೆ.

"ಅಯ್ಯಯ್ಯೋ, ಮುಟ್ಟಿಬಿಟ್ಟಳು!" ಅತ್ತೆ ಹೊಸ್ತಿಲಲ್ಲೇ ಕುಸಿದು ಕೂತರು.

"ತಲಿ ಕೆಟ್ಟೈತೇನ್ಲೇ?" ಅಂದರು ನಮ್ಮವರು.

"ಬಲಗಡಿ ಶೂ ಹಾಕಿಲ್ಲ. ಹಳೇದ ಒಳಗೈತಿ, ಎಣ್ಣಿ ಕುಡದೈತಿ. ಹೋಗಬ್ಯಾಡ್ರಿ."

"ಹಾಕಿಲ್ಲಂದ್ರ? ಯಾಕ ಹಾಕಿಲ್ಲ?"

ಜವಾನ ನೋಡುತ್ತಿದ್ದ. ಎದುರು ಮನೆಯ ಗಂಡಸರು ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ನಿಂತಿದ್ದರು. ನೀರಿಗೆ ಹೋಗುತ್ತಿದ್ದ ಹೆಂಗಸರು ಕೊಡ ಇಳಿಸಿದ್ದರು. ಯಾಕೆ ಎಂಬುದಕ್ಕೆ ಉತ್ತರ ಒಂದೇ ಇತ್ತು.

"ಹಾಕಾಕ ಹತ್ತಿದ್ದೆ. ನಡುವ ಹೊರಗಾದೆ."

ಒಂದೇ ಮಾತಿನಲ್ಲಿ ಮನೆಯ ಎರಡು ಗುಟ್ಟು ಬೀದಿಗೆ ಬಿದ್ದವು. ನಮ್ಮವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಕಿವಿಯಿಂದ ಕುತ್ತಿಗೆಯವರೆಗೆ ಬೆಂಕಿ ಹತ್ತಿದ ಹಾಗಾಗಿತ್ತು. ಯಾರೋ ಕಿಸಕ್ಕೆಂದರು. ಹಿಂದಿನ ಸೀಟಿನಲ್ಲಿದ್ದ ದೊಡ್ಡ ಸಿಸ್ಟರು ಬಾಗಿಲು ತೆರೆದು ಇಳಿದರು. ದಪ್ಪನೆಯ ಹೆಂಗಸು, ಮಾತು ಖಾರ.

"ಮುಟ್ಟಿದ್ದು ಮುಟ್ಟಿ ಆತು. ಈಗ ಯಾರು ಬಿಚ್ಚಾರು? ಇವರ ಸೊಂಟ ಬಗ್ಗಂಗಿಲ್ಲ. ಬಿಚ್ಚವಾ ನೀನು. ಅಲ್ಲಿತನಕ ಐಸ್ ತಡೀತೈತಿ."

ನಾನು ಅತ್ತೆಯ ಕಡೆ ನೋಡಿದೆ. ಅವರು ಎದ್ದು ಒಳಗೆ ಹೋದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾನಾ ತೆಗೆದುಕೊಂಡೆ. ಜಮಖಾನ ಕಟ್ಟಿ ಮರೆಮಾಡುವುದಕ್ಕೆ ಈಗ ಏನೂ ಉಳಿದಿರಲಿಲ್ಲ. ಗಾಲಿ ಇಳಿಸಿ ನೆಲಕ್ಕೆ ಕೂರಲು ಹೋದಾಗ ಹಿಂದಿನಿಂದ ಅತ್ತೆಯ ಧ್ವನಿ ಬಂತು.

"ಬರೇ ನೆಲಕ್ಕ ಕೂಡಬ್ಯಾಡ." ಒಂದು ಗೋಣಿಚೀಲ ದೂರದಿಂದ ಬಂದು ನನ್ನ ಪಕ್ಕ ಬಿತ್ತು. ಅದರ ಮೇಲೆ ಕೂತೆ.

ಡ್ರಮ್ಮು ತೆಗೆದಾಗ ದೊಡ್ಡ ಸಿಸ್ಟರು ಬಗ್ಗಿ ನೋಡಿದರು. ಲೈನರಿನಿಂದ ಎಣ್ಣೆ ಇಳಿಯುತ್ತಿತ್ತು. ಸಿಲಿಂಡರು ಬಿಚ್ಚಿ, ಊದಿಕೊಂಡಿದ್ದ ಹಳೆಯ ರಬ್ಬರು ತೆಗೆದು, ಬ್ರೇಕ್ ಆಯಿಲಿನಲ್ಲೇ ತೊಳೆದು ಹೊಸದು ಕೂರಿಸಿದೆ. ಹೊಸ ಶೂ, ಸ್ಪ್ರಿಂಗು, ಡ್ರಮ್ಮು ಹಾಕಿ ಅಡ್ಜಸ್ಟರು ನೋಡಿದೆ. ಆಮೇಲೆ ಬಂದದ್ದೇ ಕಷ್ಟದ ಕೆಲಸ. ಪೈಪಿನೊಳಗೆ ಹೊಕ್ಕ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಲಿಯ ಹಿಂದೆ ನಿಪ್ಪಲ್ ಬಿಡಿಸಿ ಮುಚ್ಚಬೇಕು. ತಾಳ ತಪ್ಪಿದರೆ ಗಾಳಿ ಮತ್ತೆ ಒಳಗೆ. ನಮ್ಮವರು ಪೆಡಲಿಗೆ ಕೂತರು, ನಾನು ನಿಪ್ಪಲ್ಲಿಗೆ.

"ಒತ್ರಿ," ಅಂದೆ ಮೆಲ್ಲಗೆ.

"ಏನಂದಿ?"

ಎಂಜಿನ್ನು ನಿಂತಿತ್ತು. ಆದರೆ ಜನ ಸೇರಿ ಬೀದಿ ಗಲಗಲ ಎನ್ನುತ್ತಿತ್ತು. ಬೇರೆ ದಾರಿಯಿರಲಿಲ್ಲ.

"ಒತ್ರೀ!... ಹಿಡೀರಿ!... ಬಿಡ್ರಿ!... ಒತ್ರೀ!"

"ಹೆಂಡ್ತಿ ಹೇಳಿದಂಗ ಒತ್ತಪಾ!" ಎಂದು ಎದುರು ಮನೆಯವನು ಕಡ್ಡಿ ತೆಗೆದು ನಕ್ಕ. ನಮ್ಮವರು ತುಟಿ ಬಿಗಿದು ಒತ್ತಿದರು, ಹಿಡಿದರು, ಬಿಟ್ಟರು. ಬಾಟಲಿಗೆ ಇಳಿಬಿಟ್ಟ ಕೊಳವೆಯಲ್ಲಿ ಗುಳ್ಳೆ ಬರುತ್ತಲೇ ಇತ್ತು. ನನ್ನ ಕಣ್ಣಲ್ಲಿ ನೀರು ತುಂಬಿ ಗುಳ್ಳೆ ಕಾಣುತ್ತಿರಲಿಲ್ಲ. ಹೆಗಲಿಗೆ ಒರೆಸಿಕೊಂಡು ನೋಡಿದೆ. ಕೊನೆಗೆ ಆಯಿಲು ಗೆರೆ ಎಳೆದ ಹಾಗೆ ಬಂತು. ಎಡಗಡೆಗೂ ಹಾಗೇ ಮಾಡಿದೆವು.

"ಪೆಡಲು ಗಟ್ಟಿ ಐತಿ," ಅಂದರು ಅವರು.

ಬೀದಿಯ ಕೊನೆಯವರೆಗೆ ಹೋಗಿ ಬ್ರೇಕು ಹಾಕಿ ನೋಡಿ ಬಂದರು. ಅತ್ತೆ ಗಾಡಿಗೆ ಅರಿಶಿನದ ನೀರು ಚಿಮುಕಿಸಿ, ಒಣಗಿದ ನಿಂಬೆಹಣ್ಣು ಕಿತ್ತು ಹೊಸದು ಕಟ್ಟಿದರು. ಗಾಡಿ ಹೋಯಿತು. ನಾನು ಮತ್ತೆ ಚಪ್ಪರಕ್ಕೆ ಹೋಗಿ ಕೂತೆ.

ಆ ದಿನ ನಾನು ಊಟ ಮುಟ್ಟಲಿಲ್ಲ. ಬೀದಿಯವರ ನಗು ಕಿವಿಯಲ್ಲಿತ್ತು, ಅದು ಇನ್ನೂ ತಾಳಬಹುದು. ತಾಳಲಾಗದೆ ಇದ್ದದ್ದು ಬೇರೆ. ಹಿಂದಿನ ದಿನದಿಂದ ಆ ಹೊತ್ತಿನವರೆಗೆ ನನ್ನ ಬಾಯಿ ಕಟ್ಟಿಹಾಕಿದ್ದು ಒಂದು ಹರಕು ಗೋಣಿಚೀಲ. ಅದರ ಕಲೆಯ ಮುಂದೆ ಗಂಡನ ಜೀವ, ಆ ಸಿಸ್ಟರುಗಳ ಜೀವ ನನಗೆ ಹಗುರವಾಗಿ ಕಂಡಿತ್ತೇ ಎಂದು ಕೇಳಿಕೊಂಡರೆ, ಅಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ.

ಸಂಜೆ ಗಾಡಿ ಬಂತು. ನಮ್ಮವರು ಎಂದೂ ಇಲ್ಲದವರು ಹಿತ್ತಲ ಬಾಗಿಲಿಗೆ ಬಂದು ನಿಂತರು.

"ಗುಡೇಕೋಟಿ ಇಳಿಜಾರದಾಗ ಕುರಿ ಅಡ್ಡ ಬಂದ್ವು. ಒತ್ತಿದೆ. ನೆಟ್ಟಗ ನಿಂತ್ತು." ಆಮೇಲೆ, "ನಿನ್ನೀನ ಯಾಕ ಹೇಳಲಿಲ್ಲ?" ಅಂದರು.

ನಾನು ನೆಲ ನೋಡಿದೆ. ಅವರು ಕಾದು ಒಳಗೆ ಹೋದರು.

ಅವರು ಹೋದ ಮೇಲೆ ಚೀಲದ ನೆನಪಾಯಿತು. ಕತ್ತಲಾಗುವ ಮೊದಲು ಅದನ್ನು ಒಗೆದುಬಿಡೋಣವೆಂದು ಕಟ್ಟಿಗೆ ರಾಶಿಯ ಹಿಂದೆ ಕೈ ಹಾಕಿದೆ. ಇರಲಿಲ್ಲ. ಕಟ್ಟಿಗೆ ಸರಿಸಿ ನೋಡಿದೆ. ಇರಲಿಲ್ಲ. ಬೆಳಗ್ಗೆ ಅತ್ತೆ ಎಸೆದ ಚೀಲ ಚಪ್ಪರದ ಕಂಬದ ಬಳಿ ಬಿದ್ದಿತ್ತು. ಎತ್ತಿ ನೋಡಿದೆ. ಮೂಲೆಯಲ್ಲಿ ನಾನೇ ನೀಲಿ ದಾರದಿಂದ ಹಾಕಿದ ತೇಪೆ. ನಡುವೆ ಕಲೆಯಿದ್ದ ಕಡೆ ಉಜ್ಜಿ ಉಜ್ಜಿ ಎಳೆ ತೆಳ್ಳಗಾಗಿತ್ತು.

ಅತ್ತೆ ಊಟ ತಂದು ಅಷ್ಟು ದೂರದಲ್ಲಿಟ್ಟು ನಿಂತಿದ್ದರು.

"ಅತ್ತೀ, ಇದು..."

"ನಿನ್ನೆ ನೀ ಮೈ ತೊಳಕೊಳ್ಳಾಗ ಕಟ್ಟಿಗಿ ಒಯ್ಯಾಕ ಬಂದಿದ್ದೆ, ಆಗ ಕಂಡ್ತವಾ. ಒಗದು ಆ ಕಡೆ ಗ್ವಾಡಿಗಿ ಹಾಕಿದ್ದೆ."

"ನಿನ್ನೀನ ಗೊತ್ತಿತ್ತೇನು ನಿಮಗ?"

"ಗೊತ್ತಿತ್ತು. ನಿನಗ ನಾಚಿಕಿ ಆಗ್ತೈತಂತ ಮಾತು ತೆಗಿಲಿಲ್ಲ." ಸೆರಗಿನಿಂದ ಕಣ್ಣು ಒತ್ತಿಕೊಂಡರು. "ಊಟ ಇಟ್ಟಾಗ ನೀ ಬಲಗಡಿ ಅಂದಿ. ನೀ ಎಲ್ಲಿ ಚೀಲದ ಮಾತು ತೆಗಿತೀಯೋ ಅಂತ ಪೂರಾ ಕೇಳದ ಒಳಗ ಓಡಿಬಿಟ್ಟೆ."